ರೆಪ್ಪೆಯ ಮೇಲಿನ ಕೆಂಪು ಮಚ್ಚೆ

ಕೇಳುಗರೇ, ನಮಸ್ಕಾರ.

ಕೂಸಿಗೆ ಎಣ್ಣೆ ಹಚ್ಚುವಾಗ ಅಜ್ಜಿಯ ಕಣ್ಣಿಗೇ ಅದು ಮೊದಲು ಬೀಳುತ್ತದೆ. ಮೇಲಿನ ರೆಪ್ಪೆಯಲ್ಲಿ ಸೊಳ್ಳೆ ಕಚ್ಚಿದಂಥ ಸಣ್ಣ ಕೆಂಪು. ಎರಡು ವಾರದಲ್ಲಿ ಅದು ದಾಳಿಂಬೆ ಕಾಳಿನ ಹಾಗೆ ಉಬ್ಬಿ ನಿಲ್ಲುತ್ತದೆ. ಆಗ ಮನೆಯಲ್ಲಿ ಮಾತು ಶುರು. ಗ್ರಹಣದ ದಿನ ಬಸುರಿ ಹೊರಗೆ ಬಂದಿದ್ದಳಾ? ತರಕಾರಿ ಹೆಚ್ಚಿದ್ದಳಾ? ದಯವಿಟ್ಟು ಆ ತಾಯಿಯನ್ನು ಬಿಟ್ಟುಬಿಡಿ. ಇದರಲ್ಲಿ ಅವಳ ತಪ್ಪು ಏನೇನೂ ಇಲ್ಲ. ರಕ್ತನಾಳದ ಕೋಶಗಳು ಒಂದು ಕಡೆ ಜಾಸ್ತಿ ಬೆಳೆದು ಗಂಟಾಗಿವೆ, ಅಷ್ಟೇ. ಡಾಕ್ಟರು ಇದನ್ನು ಹಿಮ್ಯಾಂಜಿಯೋಮ ಅನ್ನುತ್ತಾರೆ. ಹೆಣ್ಣುಮಕ್ಕಳಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಲ್ಲಿ ಇದು ಜಾಸ್ತಿ.

'ತಾನಾಗೇ ಹೋಗುತ್ತೆ ಬಿಡಿ' ಅನ್ನುವವರೂ ಇರುತ್ತಾರೆ. ಬೆನ್ನಿನ ಮೇಲೋ ತೋಳಿನ ಮೇಲೋ ಇದ್ದರೆ ಆ ಮಾತು ಬಹುಮಟ್ಟಿಗೆ ಸರಿ. ಆದರೆ ಕಣ್ಣಿನ ಲೆಕ್ಕವೇ ಬೇರೆ. ಮಗು ನೋಡಲು ಕಲಿಯುವುದೇ ಈ ತಿಂಗಳುಗಳಲ್ಲಿ ಅಲ್ವಾ? ಗಂಟಿನ ಭಾರಕ್ಕೆ ರೆಪ್ಪೆ ಇಳಿದು ಪಾಪೆಗೆ ಅಡ್ಡ ಬಂದರೆ, ಅಥವಾ ಗಂಟು ಕಣ್ಣುಗುಡ್ಡೆಯನ್ನು ಒತ್ತಿ ಅದರ ಆಕಾರ ಕೆಡಿಸಿದರೆ, ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಮುಂದೆ ಮಚ್ಚೆ ಕರಗಿದರೂ ನೋಟ ಮಂಕಾಗಿಯೇ ಉಳಿಯಬಹುದು. ಗಂಟು ಅತಿ ವೇಗವಾಗಿ ಬೆಳೆಯುವುದು ಮಗು ಹುಟ್ಟಿದ ಐದರಿಂದ ಏಳನೇ ವಾರದ ಸುಮಾರಿಗೆ. ಅದಕ್ಕೇ ಒಂದು ತಿಂಗಳು ತುಂಬುವುದರೊಳಗೆ ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ.

ಇದರ ಮದ್ದು ಸಿಕ್ಕಿದ್ದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಒಂದು ಮಗುವಿಗೆ ಹೃದಯದ ತೊಂದರೆಗೆಂದು ಪ್ರೊಪ್ರನೊಲಾಲ್ ಅನ್ನುವ ಔಷಧಿ ಕೊಟ್ಟರು. ಮರುದಿನವೇ ಅದರ ಮೂಗಿನ ಮೇಲಿದ್ದ ಇಂಥದ್ದೇ ಗಂಟು ಮೆತ್ತಗಾಗಿತ್ತು! 2008ರಲ್ಲಿ ಈ ಸುದ್ದಿ ಪ್ರಕಟವಾಯಿತು. 2010ರಲ್ಲಿ ಅದೇ ಜಾತಿಯ ಟಿಮೊಲಾಲ್ ಹನಿಯನ್ನು ರೆಪ್ಪೆಯ ಮಚ್ಚೆಗೆ ಹಚ್ಚಿ ಗುಣ ಕಂಡ ವರದಿ ಬಂತು. ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ, ಇರುವವರು ಕಣ್ಣಿಗೆ ಹಾಕಿಕೊಳ್ಳುವ ಹನಿಯೇ ಅದು.

ತೆಳುವಾದ, ಚರ್ಮದ ಮೇಲ್ಪದರದಲ್ಲೇ ಇರುವ ಮಚ್ಚೆಗೆ ಈ ಹನಿ ಒಗ್ಗುತ್ತದೆ. ಆಳಕ್ಕೆ ಇಳಿದಿದ್ದರೆ, ಆಗಲೇ ಕಣ್ಣಿಗೆ ಅಡ್ಡ ಬಂದಿದ್ದರೆ, ಬಾಯಿಗೆ ಕೊಡುವ ಪ್ರೊಪ್ರನೊಲಾಲೇ ಬೇಕಾಗುತ್ತದೆ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಒಂದೊಂದೇ ಹನಿ ಹಚ್ಚಲು ಹೇಳುತ್ತಾರೆ. ಮಗು ಹಾಲು ಕುಡಿದು ನಿದ್ದೆಗೆ ಜಾರಿದಾಗ ಹಚ್ಚುವುದು ಸುಲಭ. ಕೈ ತೊಳೆದು, ಬೆರಳ ತುದಿಗೆ ಹನಿ ತಗೊಂಡು, ಮಚ್ಚೆಯ ಮೇಲಷ್ಟೇ ಮೆಲ್ಲಗೆ ಒತ್ತಿ. ತಿಕ್ಕಬೇಡಿ.

ತಾತನ ಗ್ಲಾಕೋಮಾ ಹನಿಯ ಬಾಟಲಿ ಮನೆಯಲ್ಲೇ ಇದೆ ಅಂತ ಸುಮ್ನೆ ತೆಗೆದು ಹಚ್ಚಿಬಿಡಬೇಡಿ. ಒಂದು ಹನಿ ನಮಗೆ ಏನೂ ಅಲ್ಲ, ಆದರೆ ಮೂರು ಕೆಜಿ ತೂಗುವ ಜೀವಕ್ಕೆ ಅದು ಸಣ್ಣದಲ್ಲ. ಚರ್ಮದ ಮೂಲಕ ರಕ್ತಕ್ಕೆ ಸೇರಿ ಎದೆಬಡಿತ ನಿಧಾನವಾಗಬಹುದು, ಉಸಿರಿಗೆ ತೊಂದರೆಯಾಗಬಹುದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ, ಹುಣ್ಣಾದ ಮಚ್ಚೆಗೆ ಈ ಅಪಾಯ ಇನ್ನೂ ಜಾಸ್ತಿ. ಮಗು ಮಂಕಾದರೆ, ಹಾಲು ಬಿಟ್ಟರೆ, ಮೈ ತಣ್ಣಗಾದರೆ ತಡ ಮಾಡದೆ ಆಸ್ಪತ್ರೆಗೆ ಓಡಿ.

ವಾರಕ್ಕೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ತಿಳಿಯದ ಬದಲಾವಣೆ ಅದರಲ್ಲಿ ಕಾಣುತ್ತದೆ. ಮುಂದಿನ ಸಲ ಹೋದಾಗ ಆ ಫೋಟೋಗಳನ್ನೇ ಸಾಲಾಗಿ ಡಾಕ್ಟರಿಗೆ ತೋರಿಸಿ.