ಹಿನ್ ಅಂದ್ರೆ ಎಲ್ಲಿಗೆ?

ಜರ್ಮನಿಯ ಮ್ಯೂನಿಕ್‌ನಲ್ಲಿ ನಮ್ಮನೆ ಹತ್ರ ಒಂದು ಸೈಕಲ್ ರಿಪೇರಿ ಅಂಗಡಿ ಇದೆ. ಈ ಊರಿಗೆ ಬಂದ ಹೊಸದರಲ್ಲಿ ಒಂದಿನ ಸೈಕಲ್ ತಳ್ಕೊಂಡು ಅಲ್ಲಿಗೆ ಹೋದೆ. ಅಂಗಡಿಯವರು ಚೈನನ್ನ ಒಂದು ಬೆರಳಲ್ಲಿ ಎತ್ತಿ ನೋಡಿ, 'ದೀ ಇಸ್ಟ್ ಹಿನ್' ಅಂದ್ರು. ಹಿನ್ ಅಂದ್ರೆ 'ಆ ಕಡೆಗೆ' ಅಂತ ಜರ್ಮನ್ ಕ್ಲಾಸಲ್ಲಿ ಹೇಳ್ಕೊಟ್ಟಿದ್ರು. ಸರಿ, ನಾನೂ ಆ ಕಡೆ ನೋಡಿದೆ. ಗೋಡೆ ಬಿಟ್ರೆ ಏನೂ ಇಲ್ಲ! ಅವರು ಗ್ರೀಸ್ ಮೆತ್ತಿದ ಕೈಯಲ್ಲಿ ಕಸದ ಡಬ್ಬಿ ತೋರಿಸಿದ್ಮೇಲೇ ಹೊಳೆದದ್ದು: ಚೈನ್ ಹೋಯ್ತು. ಬಲ್ಬ್ ಹೋಯ್ತು, ಮೋಟರ್ ಹೋಯ್ತು ಅಂತ ನಾವು ಅನ್ನಲ್ವಾ, ಹಂಗೇ.

ಈ ಹಿನ್‌ಗೊಂದು ಜೋಡಿ ಇದೆ, ಹೇರ್. ಮಾತಾಡೋರಿಂದ ಆಚೆ ಹೋದ್ರೆ ಹಿನ್, ಅವರ ಕಡೆ ಬಂದ್ರೆ ಹೇರ್. 'ವೋ' ಅಂದ್ರೆ ಎಲ್ಲಿ, 'ವೋಹಿನ್' ಎಲ್ಲಿಗೆ, 'ವೋಹೇರ್' ಎಲ್ಲಿಂದ. ನಮಗೆ ಸಲೀಸು. ಆದ್ರೆ ಜರ್ಮನ್ನರು ಮಾತಾಡೋವಾಗ ಅದನ್ನ ಮುರೀತಾರೆ: 'ವೋ ಗೇಸ್ಟ್ ದು ಹಿನ್?' ಎಲ್ಲಿ ಹೋಗ್ತಿದ್ದೀಯಾ... ಗೆ? ಆ 'ಗೆ' ಬರೋವರೆಗೂ ಉಸಿರು ಬಿಗಿಹಿಡಿದು ಕಾಯ್ಬೇಕು.

ಹೋಗಿ ಬರೋ ಟಿಕೆಟ್ 'ಹಿನ್ ಉಂಟ್ ತ್ಸುರ್ಯುಕ್'. ಆಗೊಮ್ಮೆ ಈಗೊಮ್ಮೆ ಅನ್ನೋಕೆ 'ಹಿನ್ ಉಂಟ್ ವೀಡರ್'. ಟ್ರಾಮಲ್ಲಿ ಯಾರೋ ತಮ್ಮಷ್ಟಕ್ಕೆ ತಾವು ಗುನುಗ್ತಾ ಕೂತಿದ್ರೆ, ಅದಕ್ಕೂ ಹಿನ್ ಬೇಕು: 'ಫೋರ್ ಜಿಶ್ ಹಿನ್'. ಯಾವ ಕಡೆಗೆ ಅಂತ ಮಾತ್ರ ಕೇಳ್ಬೇಡಿ.

ಹಾಂ, ಒಂದು ಎಚ್ಚರಿಕೆ. ನೆಂಟರಿಗೆ ರೂಮ್ ಅಣಿ ಮಾಡೋದು 'ಹೇರ್‌ರಿಶ್ಟನ್'. ಹೇರ್ ಬದಲು ಹಿನ್ ಹಾಕಿದ್ರೆ ಮರಣದಂಡನೆ.

ಉತ್ತರ ಜರ್ಮನಿಯ ಆಡುಮಾತಲ್ಲಿ ಹಿನ್, ಹೇರ್ ಎರಡರ ವ್ಯತ್ಯಾಸ ಅಳಿಸಿಹೋಗಿದೆ. ಹೊರಗೆ ಹೋದ್ರೂ 'ರೌಸ್', ಹೊರಗೆ ಬಂದ್ರೂ 'ರೌಸ್'. ಮ್ಯೂನಿಕ್ ಇರೋ ಬವೇರಿಯಾ ರಾಜ್ಯದ ಹಳ್ಳಿ ಮಾತು ಅದನ್ನ ಬಿಟ್ಟಿಲ್ಲ. ಮೇಲಕ್ಕೆ ಹೋಗೋದು 'ಔಫಿ', ಮೇಲಕ್ಕೆ ಬರೋದು 'ಔಫಾ'. ಪಠ್ಯಪುಸ್ತಕದಲ್ಲಿ ಅರ್ಥವಾಗದ್ದು ನನಗೆ ಅರ್ಥವಾಗಿದ್ದು ನಮ್ಮ ಮನೆ ಮೆಟ್ಟಿಲ ಮೇಲೆ, ಓನರ್ ಅಜ್ಜಿಯಿಂದ. ಅಲ್ಲಿ ಲೈಟ್ ಆರಿಹೋದ್ರೆ ಏನೂ ಕಾಣಲ್ಲ. 'ಔಫಾ!' ಅಂತ ಕೇಳಿಸಿದ್ರೆ ಅಜ್ಜಿ ಮೇಲಿದ್ದಾರೆ. 'ಔಫಿ!' ಅಂದ್ರೆ ಕೆಳಗೇ ನಿಂತು ನನ್ನನ್ನ ಹತ್ತಿಸ್ತಿದ್ದಾರೆ.

ಪಾರ್ಸೆಲ್ ಭಾರ ಇದ್ದ ದಿನ ಯಾವಾಗ್ಲೂ ಔಫಿ.