ಗಾಳಿಗೆ ಬಿಗಿ, ನೀರಿಗೆ ದಾರಿ

ಕೇಳುಗರಿಗೆ ನಮಸ್ಕಾರ. ಚಂಡಮಾರುತದ ಗಾಳಿ, ನೀರುಗಳಿಂದ ಕಡಲಂಚಿನ ಮನೆ, ಜನ ಉಳಿಯುವುದು ಹೇಗೆ ಎಂಬುದೇ ಇಂದಿನ ಮಾತು.

ಬಿರುಗಾಳಿ ಮನೆಯ ಮಾಡನ್ನು, ಅಂದರೆ ಛಾವಣಿಯನ್ನು, ಕೆಳಕ್ಕೆ ಒತ್ತಿ ಮುರಿಯುವುದಕ್ಕಿಂತ ಮೇಲಕ್ಕೆ ಕೀಳುವುದೇ ಹೆಚ್ಚು. ಮಾಡಿನ ಮೇಲೆ ಗಾಳಿ ರಭಸದಿಂದ ಹಾಯುವಾಗ ಅಲ್ಲಿ ಒತ್ತಡ ಕುಗ್ಗುತ್ತದೆ. ಆಗ ಗಾಳಿಬದಿಯ ಕಿಟಕಿಯೊಂದು ಒಡೆದರೆ ಒಳನುಗ್ಗಿದ ಗಾಳಿಯೂ ಮೇಲಕ್ಕೆ ತಳ್ಳುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಹಾಗಾಗಿ ಕಡಲಂಚಿನ ಮನೆಯಲ್ಲಿ ಶೀಟಿನ ದಪ್ಪಕ್ಕಿಂತ ಮೊದಲು ಜೋಡಣೆ ನೋಡಬೇಕು: ಶೀಟು ರೀಪಿಗೆ (ಅಡ್ಡಪಟ್ಟಿಗೆ), ರೀಪು ಪಕ್ಕಾಸಿಗೆ (ಇಳಿಜಾರಿನ ತೊಲೆಗೆ), ಪಕ್ಕಾಸು ಗೋಡೆಗೆ, ಗೋಡೆ ಅಡಿಪಾಯಕ್ಕೆ. ಎಲ್ಲಿ ಸಡಿಲವೋ ಅಲ್ಲೇ ಕಿತ್ತುಬರುತ್ತದೆ.

ನಯವಾದ ಮೊಳೆ ಗಾಳಿಯ ಜಗ್ಗಾಟಕ್ಕೆ ಸ್ವಲ್ಪಸ್ವಲ್ಪವೇ ಮೇಲೇಳುತ್ತದೆ. ರಬ್ಬರ್ ವಾಷರ್ ಹಾಕಿದ ಸ್ಕ್ರೂ ಹಿಡಿದು ನಿಲ್ಲುತ್ತದೆ. ಸೂರು, ನೆತ್ತಿ, ಮೂಲೆಗಳಲ್ಲಿ ಸೆಳೆತ ಹೆಚ್ಚು. ಅಲ್ಲಿ ಸ್ಕ್ರೂಗಳು ಇನ್ನೂ ಹತ್ತಿರ ಹತ್ತಿರ ಇರಲಿ. ಪಕ್ಕಾಸಿಗೆ ಲೋಹದ ಪಟ್ಟಿ ಹಾಯಿಸಿ ಗೋಡೆಗೆ ಬಿಗಿಯಿರಿ. ಉದ್ದ ಚಾಚಿದ ಸೂರು ಮಳೆಗೆ ಒಳ್ಳೆಯದು, ಬಿರುಗಾಳಿಗೆ ಕೆಟ್ಟದ್ದು; ಅದಕ್ಕೇ ಜಗಲಿಯ ಮಾಡನ್ನು ಬೇರೆಯಾಗಿಯೇ ಕಟ್ಟುವುದು ಜಾಣತನ. ಹಾರಿದರೂ ಅದಷ್ಟೇ ಹಾರುತ್ತದೆ. ಇನ್ನು ಉಪ್ಪುಗಾಳಿ: ಅದು ವಾಷರಿನ ಅಡಿಯಲ್ಲಿ, ಪಟ್ಟಿಯ ಮಡಿಕೆಯಲ್ಲಿ, ಕಣ್ಣಿಗೆ ಬೀಳದ ಕಡೆಯೇ ತುಕ್ಕು ಹಿಡಿಸುತ್ತದೆ. ಮಳೆಗಾಲಕ್ಕೆ ಮುಂಚೆ ಒಂದೊಂದನ್ನೂ ತಟ್ಟಿ ನೋಡಿ, ಸವೆದದ್ದನ್ನು ಬದಲಿಸಬೇಕು.

ಗಾಳಿಗೆ ಇಷ್ಟು ಮಾಡಬಹುದು. ನೀರಿಗೆ ಮಾತ್ರ ಎದುರು ನಿಲ್ಲಬಾರದು. ಚಂಡಮಾರುತದಲ್ಲಿ ವಾಯುಭಾರ 1 ಹೆಕ್ಟೊಪ್ಯಾಸ್ಕಲ್ (ವಾಯುಭಾರ ಅಳೆಯುವ ಮಾನ) ಇಳಿದರೆ ಕಡಲು ಸುಮಾರು 1 ಸೆಂಟಿಮೀಟರ್ ಏರುತ್ತದೆ, ಅದು ಅಲ್ಪ. ಗಾಳಿ ದಡಕ್ಕೆ ನೂಕಿ ತರುವ ನೀರು, ಆಳವಿಲ್ಲದ ಕರಾವಳಿಯಲ್ಲಿ, ಮೀಟರುಗಟ್ಟಲೆ ಏರಬಲ್ಲದು. ಅದಕ್ಕೆ ಉಬ್ಬರವೂ ಸೇರಿದರೆ ಇನ್ನೂ ಎತ್ತರ. 1970ರ ನವೆಂಬರಿನಲ್ಲಿ ಇಂದಿನ ಬಾಂಗ್ಲಾದೇಶದ ಕರಾವಳಿಯಲ್ಲಿ ಲಕ್ಷಾಂತರ ಜನರನ್ನು ಕೊಂದದ್ದು ಇಂಥ ನೀರೇ. ಅಲ್ಲಿ ಆಮೇಲೆ ಊರೂರಲ್ಲಿ ಬಾವುಟ ಏರಿಸಿ, ಧ್ವನಿವರ್ಧಕದಲ್ಲಿ ಕೂಗಿ ಎಚ್ಚರಿಸುವ ಸ್ವಯಂಸೇವಕರ ಪಡೆ ಬೆಳೆಯಿತು. ಕಂಬಗಳ ಮೇಲೆ ನಿಂತ ಆಶ್ರಯ ಕಟ್ಟಡಗಳು ಬಂದವು, ಅಡಿಯಿಂದ ನೀರು ಹರಿದುಹೋಗಲೆಂದು. ದನಗಳಿಗೂ ಮಣ್ಣಿನ ಎತ್ತರದ ದಿಬ್ಬ ಕಟ್ಟಿದರು. ಇದನ್ನು ಎಲ್ಲರೂ ಗಮನಿಸಬೇಕು: ದನಕ್ಕೆ ಜಾಗವಿಲ್ಲದಿದ್ದರೆ ಎಷ್ಟೋ ಜನ ಮನೆ ಬಿಟ್ಟು ಏಳುವುದೇ ಇಲ್ಲ.

ಚಂಡಮಾರುತದ ಕಣ್ಣು, ಅಂದರೆ ಅದರ ಶಾಂತವಾದ ನಡುಭಾಗ, ಊರಿನ ಮೇಲೆಯೇ ಹಾದರೆ ಗಾಳಿ ತಟ್ಟನೆ ನಿಲ್ಲುತ್ತದೆ, ಆಕಾಶವೂ ತಿಳಿಯಾಗಬಹುದು. ಆಗ ಯಾರೂ ಹೊರಗೆ ಬರಬೇಡಿ, ಶೀಟು ಸರಿಮಾಡಲು ಹತ್ತಬೇಡಿ. ಸ್ವಲ್ಪ ಹೊತ್ತಿನಲ್ಲೇ ಗಾಳಿ ಎದುರು ದಿಕ್ಕಿನಿಂದ ಅಷ್ಟೇ ಬಲವಾಗಿ ಬಡಿಯುತ್ತದೆ. ಅಪಾಯ ಕಳೆಯಿತೆಂದು ಹವಾಮಾನ ಇಲಾಖೆಯೇ ಹೇಳುವವರೆಗೆ ಒಳಗೇ ಇರಿ.