ಕಾಲುದಾರಿ ಬಿಟ್ಟು ಇಳಿಯಬೇಡಿ

ಶ್ರೋತೃಗಳಿಗೆ ನಮಸ್ಕಾರ. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟಿರುವ ತಂದೆತಾಯಂದಿರು ನಿಮ್ಮಲ್ಲಿ ಹಲವರಿರಬಹುದು. ಅಲ್ಲಿನ ಉತ್ತರ ಕರಾವಳಿಯ, ರೆಡ್‌ವುಡ್ ಎಂಬ ಮಹಾವೃಕ್ಷಗಳ ಕಾಡಿನಲ್ಲಿ ಒಂದಿಡೀ ದಿನ ನಡೆಯದೆ ಹಿಂದಿರುಗಬೇಡಿರೆಂದು ನನ್ನ ಒತ್ತಾಯ; ನಡೆಯುವಾಗ ಮಾತ್ರ ಕಾಲುದಾರಿ ಬಿಟ್ಟು ಇಳಿಯಬೇಡಿ.

ಕೆಲವು ವರ್ಷಗಳ ಹಿಂದೆ, ಒಂದು ಜುಲೈ ತಿಂಗಳಿನಲ್ಲಿ, ನಾನು ನಮ್ಮ ಬೀಗರೊಡನೆ ಅಲ್ಲಿನ ಪ್ರೈರೀ ಕ್ರೀಕ್ ಉದ್ಯಾನಕ್ಕೆ ಹೋಗಿದ್ದೆ. ಜೇಮ್ಸ್ ಅರ್ವೈನ್ ಕಾಲುದಾರಿ ಹಿಡಿದು ಕಡಲಂಚಿನ ಫರ್ನ್ ಕ್ಯಾನ್ಯನ್ ಎಂಬ ಕಮರಿಯನ್ನು ತಲುಪಿ, ಮೈನರ್ಸ್ ರಿಡ್ಜ್ ದಾರಿಯಿಂದ ಮರಳಿದರೆ ಒಟ್ಟು ಸುಮಾರು 19 ಕಿಲೋಮೀಟರ್. ಮೊದಲ ಗಂಟೆ ಕಳೆಯುವ ಮುನ್ನವೇ ಬೀಗರಿಗೆ ಒಂದು ಮರವನ್ನು ಅಪ್ಪಿಕೊಂಡು ಫೋಟೊ ತೆಗೆಸಿಕೊಳ್ಳುವ ಆಸೆಯಾಯಿತು. ನಾನು ಬೇಡವೆನ್ನುವಷ್ಟರಲ್ಲಿ ಬಿದ್ದ ದಿಮ್ಮಿಯೊಂದನ್ನು ದಾಟಿ ಜರೀಗಿಡಗಳ ನಡುವೆ ಕಾಲಿಟ್ಟರು. ತರಗೆಲೆಯ ಹಾಸಿನಲ್ಲಿ ಅವರ ಪಾದ ಕಣಕಾಲಿನವರೆಗೆ ಹೂತುಹೋಯಿತು. ಬೀಗರನ್ನು ಗದರುವಂತಿಲ್ಲ, ಸುಮ್ಮನಿರುವುದು ಸಸ್ಯಶಾಸ್ತ್ರ ಕಲಿಸಿದ ನನಗೆ ಸಾಧ್ಯವಿಲ್ಲ. "ಇಷ್ಟು ದೊಡ್ಡ ಮರಕ್ಕೆ ನನ್ನ ಕಾಲಿನ ಭಾರ ಯಾವ ಲೆಕ್ಕ ಸ್ವಾಮಿ?" ಎಂದು ಅವರು ನಕ್ಕ ಹೊತ್ತಿಗೇ ಅವರ ಕನ್ನಡಕದ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಮಳೆಯೆಂದು ಬಗೆದು ಅವರು ಕೊಡೆ ಬಿಚ್ಚಿದರು. ಆದರೆ ನಾನು ನಿಂತಿದ್ದ ದಾರಿಯ ಬಯಲು ಭಾಗದಲ್ಲಿ ಒಂದು ಹನಿಯೂ ಇಲ್ಲ. ತೊಟ್ಟಿಕ್ಕುತ್ತಿದ್ದುದು ಮರದ ಕೆಳಗೆ ಮಾತ್ರ.

ಬೀಗರ ಪ್ರಶ್ನೆಗೆ ಉತ್ತರ ಆ ಹನಿಯಲ್ಲಿಯೇ ಇತ್ತು. ಅಲ್ಲಿ ಬೇಸಿಗೆಯಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ತಣ್ಣನೆಯ ಕಡಲಿನಿಂದ ಮಂಜು ಬರುತ್ತದೆ, ಸೂಜಿಯಂತಹ ಎಲೆಗಳು ಅದನ್ನು ಹಿಡಿದು ಹನಿಯಾಗಿ ಕೆಳಗಿಳಿಸುತ್ತವೆ, ಮರ ತನ್ನ ಬುಡಕ್ಕೆ ತಾನೇ ನೀರೆರೆದುಕೊಳ್ಳುತ್ತದೆ. ಅತ್ಯಂತ ಎತ್ತರದ ಮರ ಹೈಪೀರಿಯನ್ 115 ಮೀಟರ್ ಮೀರಿದೆ; ಶ್ರವಣಬೆಳಗೊಳದ ಗೊಮ್ಮಟನಂತಹ ಆರು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅದರ ತುದಿಗೆ ಸಾಲದು. ಇಷ್ಟಿದ್ದರೂ ಈ ಜಾತಿಗೆ ತಾಯಿಬೇರಿಲ್ಲ. ಬೇರುಗಳು ನಾಲ್ಕು ಮೀಟರ್ ಆಳಕ್ಕಿಳಿದರೆ ಹೆಚ್ಚು, ಅಡ್ಡಕ್ಕೆ ಮಾತ್ರ 30 ಮೀಟರ್‌ವರೆಗೂ ಹರಡಿ ನೆರೆಮರದ ಬೇರುಗಳೊಡನೆ ಹೆಣೆದುಕೊಳ್ಳುತ್ತವೆ. ನೀರು ಹೀರುವ ನವಿರು ಬೇರುಗಳಲ್ಲಿ ಬಹುಪಾಲು ನಮ್ಮ ಪಾದದಡಿಯಲ್ಲಿಯೇ ಇರುತ್ತವೆ. ಮಣ್ಣು ತುಳಿತಕ್ಕೆ ಗಟ್ಟಿಯಾದರೆ ಆ ಹನಿ ಒಳಗಿಳಿಯುವುದಿಲ್ಲ. ಬೀಗರೊಬ್ಬರ ಕಾಲಿಗೆ ಮರ ಬೀಳದು, ನಿಜ. ಆದರೆ ಅವರು ತುಳಿದ ಗುರುತನ್ನು ಕಂಡು ಮುಂದಿನವರೂ ಇಳಿಯುತ್ತಾರೆ. ಹೈಪೀರಿಯನ್ನಿನ ಸುತ್ತ ಆದದ್ದು ಅದೇ: ನೋಡಬಂದವರ ತುಳಿತಕ್ಕೆ ಬುಡದ ಜರೀಗಿಡಗಳು ನಾಶವಾಗಿ, 2022ರಲ್ಲಿ ಅತ್ತ ಹೋಗುವುದನ್ನೇ ನಿಷೇಧಿಸಬೇಕಾಯಿತು. ಸಿಕ್ಕಿಬಿದ್ದರೆ 5000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆ. ಅಪ್ಪಿಕೊಳ್ಳಲೇಬೇಕೆಂದರೆ ದಾರಿಯ ಅಂಚಿಗೇ ಬಂದು ನಿಂತ ಮರಗಳು ಬೇಕಾದಷ್ಟಿವೆ. ಕಾಲುದಾರಿ ಬಿಟ್ಟು ಇಳಿಯಬೇಡಿ.

ಬೀಗರ ಕಥೆಯಲ್ಲಿಯೇ ಸಮಯವೆಲ್ಲ ಕಳೆಯಿತು. ಒಂದಡಿ ದಪ್ಪದ ತೊಗಟೆ ಕಾಳ್ಗಿಚ್ಚನ್ನು ತಡೆಯುವ ಬಗೆ, ನೆಲ್ಲಿಕಾಯಿ ಗಾತ್ರದ ಕಾಯಿಯೊಳಗಿನ ಟೊಮೆಟೊ ಬೀಜದಷ್ಟು ಬೀಜ, ಇವುಗಳನ್ನು ಹೇಳಲಾಗಲಿಲ್ಲ. ಎಲ್ಕ್ ಎಂಬ ದೊಡ್ಡ ಜಿಂಕೆಗಳು ಎದುರಾದರೆ ದೂರದಲ್ಲಿಯೇ ನಿಲ್ಲಿ. ಫರ್ನ್ ಕ್ಯಾನ್ಯನ್‌ನಲ್ಲಿ ಹಳ್ಳದ ನೀರಿನಲ್ಲಿಯೇ ನಡೆಯಬೇಕಾಗಬಹುದು, ಆದ್ದರಿಂದ ಚೀಲದಲ್ಲಿ ಇನ್ನೊಂದು ಜೊತೆ ಕಾಲುಚೀಲವಿರಲಿ. ಬೀಗರು ತಂದಿರಲಿಲ್ಲ, ನನ್ನದನ್ನೇ ಕೊಡಬೇಕಾಯಿತು. ನಮಸ್ಕಾರ.